ಹುಡುಗ ಸಿಕ್ಕ, ಮುಂದೇನು?

ಅಸಾಮಾನ್ಯ ಹುಡುಗನೊಬ್ಬ ಕೈಗೆ ಸಿಕ್ಕರೆ ತಂಡವನ್ನು ಅವನ ಸುತ್ತಲೇ ಹೊಸದಾಗಿ ಕಟ್ಟಬೇಕೆ ಎಂದು ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಕಟ್ಟಬೇಕು. ಅಂಕಣದಲ್ಲಿರುವುದು ಐದೇ ಜನ. ಪಂದ್ಯದ 48 ನಿಮಿಷಗಳಲ್ಲಿ ತಾರೆಯಾದವನು 35ರ ಆಸುಪಾಸು ಆಡುತ್ತಾನೆ, ಬೇಕೆಂದರೆ ಪ್ರತಿ ದಾಳಿಯಲ್ಲೂ ಚೆಂಡು ಮುಟ್ಟುತ್ತಾನೆ. ಕ್ರಿಕೆಟ್‌ನಲ್ಲಿ ಹಾಗಿಲ್ಲ. ಔಟಾದ ಮೇಲೆ ಕೊಹ್ಲಿಯೂ ಡಗ್‌ಔಟ್‌ನಲ್ಲಿ ಕೂತು ನೋಡಬೇಕಷ್ಟೆ; ಆರ್‌ಸಿಬಿ 18ನೇ ಸೀಸನ್‌ವರೆಗೆ ಕಪ್‌ಗಾಗಿ ಕಾದದ್ದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಕಟ್ಟಬೇಕೆ, ಬೇಡವೇ ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಕಟ್ಟುವ ರೀತಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅದರ ಅವಸರದಲ್ಲಿ. ಈ ಅವಸರ ಏನು ಮಾಡುತ್ತದೆ ಎಂದು ನೋಡಲು ನ್ಯೂ ಆರ್ಲಿಯನ್ಸ್‌ಗಿಂತ ಒಳ್ಳೆಯ ಜಾಗವಿಲ್ಲ.

ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2012ರಲ್ಲಿ, ಮೊದಲ ಆಯ್ಕೆಯಾಗಿ ಆ ಊರಿಗೆ ಬಂದವನು ಆ್ಯಂಥನಿ ಡೇವಿಸ್. ಕೆಂಟಕಿ ವಿಶ್ವವಿದ್ಯಾಲಯಕ್ಕೆ ಆಗಷ್ಟೇ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ, ಉದ್ದನೆಯ ಕೈಗಳ 19ರ ಹುಡುಗ. ಮೊದಲ ವರ್ಷ ತಂಡ ಗೆದ್ದದ್ದು 27, ಸೋತದ್ದು 55. ಹುಡುಗರ ತಂಡಕ್ಕೆ ಇದು ಸಹಜವೇ. ಆದರೆ ಜನರಲ್ ಮ್ಯಾನೇಜರ್ ಡೆಲ್ ಡೆಂಪ್ಸ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಮರುವರ್ಷದ ಡ್ರಾಫ್ಟ್ ರಾತ್ರಿ, ಆಗಷ್ಟೇ ಆರಿಸಿದ ನರ್ಲೆನ್ಸ್ ನೋಯೆಲ್ ಜೊತೆಗೆ 2014ರ ಮೊದಲ ಸುತ್ತಿನ ಪಿಕ್ಕನ್ನೂ (ಆರಿಸುವ ಸರದಿಯನ್ನೂ) ಫಿಲಡೆಲ್ಫಿಯಾಕ್ಕೆ ಕೊಟ್ಟು ಜ್ರೂ ಹಾಲಿಡೇಯನ್ನು ತಂದರು. 2015ರ ಪಿಕ್ ಓಮರ್ ಆಶಿಕ್‌ಗಾಗಿ ಹೂಸ್ಟನ್‌ಗೆ ಹೋಯಿತು. 2017ರ ಪಿಕ್ ಡಿಮಾರ್ಕಸ್ ಕಸಿನ್ಸ್‌ಗಾಗಿ ಸ್ಯಾಕ್ರಮೆಂಟೊಗೆ, 2018ರದ್ದು ನಿಕೋಲಾ ಮಿರೊಟಿಚ್‌ಗಾಗಿ ಶಿಕಾಗೊಗೆ. ಡೇವಿಸ್ ಬಂದ ಬೇಸಿಗೆಯ ನಂತರ ಮೊದಲ ಸುತ್ತಿನಲ್ಲಿ ಆರಿಸಿ ತಮ್ಮ ಜೆರ್ಸಿ ತೊಡಿಸಿದ್ದು ಒಬ್ಬನಿಗೆ ಮಾತ್ರ, 2016ರಲ್ಲಿ ಬಡ್ಡಿ ಹೀಲ್ಡ್‌ಗೆ. ಎಂಟು ತಿಂಗಳಲ್ಲಿ ಅವನನ್ನೂ ಕಸಿನ್ಸ್ ವ್ಯವಹಾರದಲ್ಲಿ ದಾಟಿಸಿದರು. ಬಿತ್ತನೆಗೆಂದು ಎತ್ತಿಟ್ಟ ಜೋಳವನ್ನು ಪ್ರತಿ ವರ್ಷ ರೊಟ್ಟಿ ತಟ್ಟಿ ತಿಂದ ಲೆಕ್ಕ.

ಇವುಗಳನ್ನು ಒಂದೊಂದಾಗಿ ನೋಡಿದರೆ ಮೂರ್ಖತನ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಲಿಡೇ ಅಪ್ಪಟ ಆಟಗಾರ. ಮುಂದೆ 2021ರಲ್ಲಿ ಮಿಲ್ವಾಕಿ ಚಾಂಪಿಯನ್ ಆದಾಗ ಅವನ ಪಾಲು ದೊಡ್ಡದಿತ್ತು. ಕಸಿನ್ಸ್ ಮತ್ತು ಡೇವಿಸ್ ಜೋಡಿಯೂ ಕುದುರುತ್ತಿತ್ತು, 2018ರ ಜನವರಿಯಲ್ಲಿ ಕಸಿನ್ಸ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯುವವರೆಗೆ. ಅವನಿಲ್ಲದೆಯೇ ಆ ಏಪ್ರಿಲ್‌ನ ಪ್ಲೇಆಫ್‌ನಲ್ಲಿ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ಪೋರ್ಟ್‌ಲ್ಯಾಂಡನ್ನು 4-0ರಿಂದ ಮನೆಗೆ ಕಳಿಸಿತು. ನಾಲ್ಕನೇ ಪಂದ್ಯದಲ್ಲಿ ಡೇವಿಸ್ 47 ಅಂಕ, ಹಾಲಿಡೇ 41. ಆ ರಾತ್ರಿ ನೋಡಿದವರಿಗೆ ಇದು ಸೋತ ಯೋಜನೆ ಎನ್ನಿಸಿರಲಾರದು. ಆದರೆ ಬೆಂಚಿನತ್ತ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು: ಇಪ್ಪತ್ತೆರಡರ ಆಸುಪಾಸಿನ, ಡೇವಿಸ್ ಜೊತೆ ಬೆಳೆಯಬಲ್ಲ, ಕಡಿಮೆ ಸಂಬಳದ ಹುಡುಗರು ಅಲ್ಲಿ ಇದ್ದದ್ದು ತೀರ ವಿರಳ. ಕೊಟ್ಟ ಪಿಕ್‌ಗಳಿಂದ ಬೇರೆಯವರು ಆರಿಸಿದವರೂ ಮಹಾ ಆಟಗಾರರಾಗಲಿಲ್ಲ, ನಷ್ಟವೇನು ಎಂದು ವಾದಿಸುವವರಿದ್ದಾರೆ. ಆದರೆ ಕೈಬಿಟ್ಟ 2017ರ ಪಿಕ್ 10ನೆಯದು. ಅದೇ ರಾತ್ರಿ 13ನೆಯವನಾಗಿ ಡೊನೊವನ್ ಮಿಚೆಲ್, 14ನೆಯವನಾಗಿ ಬ್ಯಾಮ್ ಅಡೆಬಾಯೊ ಆಯ್ಕೆಯಾದರು. ನ್ಯೂ ಆರ್ಲಿಯನ್ಸ್ ಅವರನ್ನೇ ಆರಿಸುತ್ತಿತ್ತು ಎಂದಲ್ಲ. ಆರಿಸುವ ಸರದಿಯನ್ನೇ ಮಾರಿಕೊಂಡಿತ್ತು.

ಇಷ್ಟಕ್ಕೂ ಅವಸರ ಯಾಕೆ? ಹುಡುಗ ಮುನಿಸಿಕೊಂಡು ಹೊರಟಾನು ಎಂಬ ಭಯ. ಎನ್‌ಬಿಎ ನಿಯಮಗಳನ್ನು ನೋಡಿದರೆ ಈ ಭಯಕ್ಕೆ ಅಷ್ಟು ಬೇಗ ಆಧಾರವಿಲ್ಲ. ಮೊದಲ ಸುತ್ತಿನ ಹುಡುಗನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಅದು ಮುಗಿಯುವ ಮುನ್ನವೇ ತಂಡ ಅವನಿಗೆ ಐದು ವರ್ಷದ ದೊಡ್ಡ ಒಪ್ಪಂದ ಕೊಡಬಹುದು; ಬೇರೆಯವರು ಆಸೆ ತೋರಿಸಿದರೂ ಅಷ್ಟೇ ಹಣ ಕೊಟ್ಟು ಉಳಿಸಿಕೊಳ್ಳುವ ಹಕ್ಕೂ ತಂಡಕ್ಕಿದೆ. ಆ ವಯಸ್ಸಿನಲ್ಲಿ ಅಷ್ಟು ಹಣವನ್ನು ಬೇಡವೆನ್ನುವವರು ವಿರಳ. ಡೇವಿಸ್ ಕೂಡ 2015ರಲ್ಲಿ ಸಹಿ ಹಾಕಿದ. ಅಂದರೆ ಡೆಂಪ್ಸ್ ಬಳಿ ಆರೇಳು ವರ್ಷಗಳಿದ್ದವು. ಮೊದಲ ಮೂರರಲ್ಲಿ ಸೋತಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ.

ಕೊನೆಗೆ ಹೆದರಿದ್ದೇ ಆಯಿತು. 2019ರ ಜನವರಿಯಲ್ಲಿ, ಒಪ್ಪಂದ ಇನ್ನೂ ಬಾಕಿ ಇರುವಾಗಲೇ, ನನ್ನನ್ನು ಬೇರೆ ತಂಡಕ್ಕೆ ಕಳಿಸಿ ಎಂದು ಡೇವಿಸ್ ಬಹಿರಂಗವಾಗಿ ಕೇಳಿದ. ಹಾಗೆ ಬಹಿರಂಗವಾಗಿ ಕೇಳಿದ್ದಕ್ಕೆ ಲೀಗ್ ಅವನಿಗೆ 50,000 ಡಾಲರ್ ದಂಡ ಹಾಕಿತು. ಆಮೇಲಿನ ಎರಡು ತಿಂಗಳು ನಡೆದದ್ದು ಪ್ರಹಸನವೇ. ಅವನಿಗೆ ಗಾಯವಾದರೆ ಟ್ರೇಡ್‌ನಲ್ಲಿ ಬೆಲೆ ಬಿದ್ದುಹೋಗುತ್ತದೆಂದು ತಂಡಕ್ಕೆ ಅವನನ್ನು ಆಡಿಸಲು ಮನಸ್ಸಿಲ್ಲ. ಗಟ್ಟಿಮುಟ್ಟಾಗಿರುವವನನ್ನು ಕೂರಿಸುವಂತಿಲ್ಲ ಎಂದು ಲೀಗ್‌ನ ಪಟ್ಟು. ಇಬ್ಬರ ನಡುವೆ ಅವನು ಇಪ್ಪತ್ತು ನಿಮಿಷ ಆಡಿ, ಕೊನೆಯ ಕ್ವಾರ್ಟರ್‌ನಲ್ಲಿ ಬೆಂಚು ಹಿಡಿಯುತ್ತಿದ್ದ. ತವರಿನ ಜನ ತಮ್ಮದೇ ತಾರೆಯನ್ನು ಕೂಗಿ ಮೂದಲಿಸಿದರು. ತವರಿನ ಕೊನೆಯ ಪಂದ್ಯಕ್ಕೆ ಅವನು ಬಂದದ್ದು ಕಾರ್ಟೂನ್‌ಗಳ ಕೊನೆಯಲ್ಲಿ ಬರುವ ‘ದಟ್ಸ್ ಆಲ್ ಫೋಕ್ಸ್’ ಎಂಬ ಬರಹದ ಟಿ-ಶರ್ಟ್ ತೊಟ್ಟು. ಏಳು ಸೀಸನ್‌ಗಳಲ್ಲಿ ಪ್ಲೇಆಫ್ ಕಂಡದ್ದು ಎರಡೇ ಸಲ. ಮರುವರ್ಷವೇ ಅವನು ಲಾಸ್ ಏಂಜಲೀಸ್ ಲೇಕರ್ಸ್ ಜೊತೆ ಚಾಂಪಿಯನ್ ಆದ. ಹುಡುಗನ ಆಯ್ಕೆಯಲ್ಲಿ ತಪ್ಪಿರಲಿಲ್ಲ ಎಂಬುದಕ್ಕೆ ಇನ್ನೇನು ಬೇಕು?

ಅವನು ಹೋದ ಅದೇ 2019ರ ಬೇಸಿಗೆಯಲ್ಲಿ ಒಕ್ಲಹೋಮ ಸಿಟಿಯ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ತದ್ವಿರುದ್ಧ ದಾರಿ ಹಿಡಿದರು. ತಂಡದ ತಾರೆ ಪಾಲ್ ಜಾರ್ಜ್ ಹೊರಡುತ್ತೇನೆಂದಾಗ ಅವನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಐದು ಮೊದಲ ಸುತ್ತಿನ ಪಿಕ್‌ಗಳನ್ನೂ ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನೂ ಪಡೆದರು. ಡ್ರಾಫ್ಟ್‌ನಲ್ಲಿ 11ನೆಯವನಾಗಿ ಬಂದಿದ್ದವನು, ಮೊದಲ ವರ್ಷದ ಸರಾಸರಿ 10.8 ಅಂಕ. ತಾರೆ ಎಂದು ಅವನನ್ನು ಆಗ ಯಾರೂ ಕರೆದಿರಲಿಲ್ಲ. 2020ರಿಂದ ಎರಡು ಸೀಸನ್ ಆ ತಂಡ ಸೋತ ಪರಿ ನೋಡಲಾಗದಂಥದ್ದು: 22 ಗೆಲುವು, ಆಮೇಲೆ 24. 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ 152-79ರಿಂದ ಸೋತರು. 73 ಅಂಕಗಳ ಅಂತರ, ಎನ್‌ಬಿಎ ಚರಿತ್ರೆಯಲ್ಲೇ ಅತಿ ದೊಡ್ಡದು. ಹಿಂದಿನ ದಾಖಲೆ 68 ಇತ್ತು. ಶೇ ಆ ದಿನ ಆಡಿರಲಿಲ್ಲ, ನಿಜ. ಆದರೆ ಮೆಂಫಿಸ್‌ನ ತಾರೆ ಜಾ ಮೊರಾಂಟ್ ಕೂಡ ಆಡಿರಲಿಲ್ಲ. ಬೇರೆ ಊರಾಗಿದ್ದರೆ ಮರುದಿನ ಕೋಚ್‌ನ ತಲೆದಂಡವಾಗುತ್ತಿತ್ತು, ಪಿಕ್‌ಗಳನ್ನು ಸುರಿದು ಯಾರಾದರೂ ಮೂವತ್ತರ ಹೆಸರಾಂತನನ್ನು ತರುತ್ತಿದ್ದರು. ಪ್ರೆಸ್ಟಿ ಎರಡನ್ನೂ ಮಾಡಲಿಲ್ಲ. ಕೋಚ್ ಮಾರ್ಕ್ ಡೇಗ್ನಾಲ್ಟ್ ಉಳಿದರು. ಮರುವರ್ಷ ಕ್ಲಿಪ್ಪರ್ಸ್ ಕೊಟ್ಟ ಪಿಕ್ಕಿನಲ್ಲಿ 12ನೆಯವನಾಗಿ ಬಂದ ಜೇಲೆನ್ ವಿಲಿಯಮ್ಸ್ 2025ರ ಫೈನಲ್‌ನ ಐದನೇ ಪಂದ್ಯದಲ್ಲಿ 40 ಅಂಕ ಗಳಿಸಿದ. ಆ ಸೀಸನ್ 68 ಗೆಲುವು, ಏಳನೇ ಪಂದ್ಯದಲ್ಲಿ ಇಂಡಿಯಾನಾ ವಿರುದ್ಧ ಪ್ರಶಸ್ತಿ, ಶೇಗೆ ಶ್ರೇಷ್ಠ ಆಟಗಾರನ ಪಟ್ಟ (ಎಂವಿಪಿ). ಅಲೆಕ್ಸ್ ಕರೂಸೊ, ಐಸಯಾ ಹಾರ್ಟೆನ್‌ಸ್ಟೈನ್‌ರಂಥ ಪಳಗಿದವರನ್ನು ತಂದದ್ದು 2024ರಲ್ಲಿ, ತಂಡ 57 ಪಂದ್ಯ ಗೆದ್ದು ತೋರಿಸಿದ ಮೇಲೆ.

ಈ ದಾರಿಯೂ ಚೊಕ್ಕಟವೇನಲ್ಲ. 2021ರ ಮಾರ್ಚ್‌ನಲ್ಲಿ, ಆಡಲು ಯಾವ ತೊಂದರೆಯೂ ಇಲ್ಲದ ಆಲ್ ಹಾರ್ಫರ್ಡ್‌ನನ್ನು ಒಕ್ಲಹೋಮ ಇಡೀ ಉಳಿದ ಸೀಸನ್‌ಗೆ ಹೊರಗಿಟ್ಟಿತು. ಟಿಕೆಟ್ ಕೊಂಡು ಬಂದವನಿಗೆ ಇದು ಮೋಸವೇ. ಕಪ್ ಬಂದ ಮಾತ್ರಕ್ಕೆ ಮೋಸ ಮೋಸವಾಗದೆ ಉಳಿಯುವುದಿಲ್ಲ. ಮೇಲಾಗಿ ಆ ತಂಡದ ತಾಳ್ಮೆಗೆ ಬೆನ್ನೆಲುಬಾಗಿದ್ದದ್ದು ಬೇರೆ ತಂಡಗಳಿಂದ ಬಂದ ಪಿಕ್‌ಗಳು. ಆ ಆಸ್ತಿ ಇಲ್ಲದವರು ಬರೀ ಸೋಲುವುದನ್ನು ಮಾತ್ರ ನಕಲು ಮಾಡಿದರೆ ಉಪಯೋಗವಿಲ್ಲ.

ಡಲ್ಲಾಸ್ ಮೆವರಿಕ್ಸ್ ಸ್ಥಿತಿ ನನಗೆ ಕುತೂಹಲ ಹುಟ್ಟಿಸುವುದು ಇಲ್ಲೇ. 2025ರ ಫೆಬ್ರವರಿಯಲ್ಲಿ ಅಲ್ಲಿನ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ 25ರ ಲೂಕಾ ಡಾಂಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟು ತಂದದ್ದು ಯಾರನ್ನು? ಅದೇ ಆ್ಯಂಥನಿ ಡೇವಿಸ್‌ನನ್ನು, ಆಗ 31 ದಾಟಿದ್ದವನನ್ನು. ಮೊದಲ ಪಂದ್ಯದಲ್ಲೇ ಅವನು ಗಾಯಗೊಂಡ. ಮಾರ್ಚ್‌ನಲ್ಲಿ ಕೈರಿ ಅರ್ವಿಂಗ್‌ನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಇಷ್ಟೆಲ್ಲ ಕೆಡಿಸಿಕೊಂಡವರಿಗೆ ಶೇಕಡಾ 1.8ರ ಸಾಧ್ಯತೆಯಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆಯ ಲಾಟರಿ ಹೊಡೆದು 18ರ ಕೂಪರ್ ಫ್ಲ್ಯಾಗ್ ಸಿಕ್ಕ. ಆ ರಾತ್ರಿಯೇ ಹಳೆಯ ಯೋಜನೆಯನ್ನು ಮಡಚಿಡಬೇಕಿತ್ತು. ಅದರ ಬದಲು ಡೇವಿಸ್, ಅರ್ವಿಂಗ್ ಇಬ್ಬರನ್ನೂ ಉಳಿಸಿಕೊಂಡು ಈಗಲೇ ಗೆಲ್ಲುತ್ತೇವೆಂದು ಹೊರಟರು. ಅರ್ವಿಂಗ್ ಇಲ್ಲದೆ ಚೆಂಡು ನಡೆಸುವವರಿಲ್ಲ ಎಂದು, ಮೂಲತಃ ಫಾರ್ವರ್ಡ್ ಆದ ಹುಡುಗನನ್ನೇ ಸೀಸನ್ ಶುರುವಿನಲ್ಲಿ ಪಾಯಿಂಟ್ ಗಾರ್ಡ್ ಮಾಡಿದರು. ಅವನ ಸುತ್ತ ತಂಡ ಕಟ್ಟುವುದಿರಲಿ, ತಂಡದ ತೂತಿಗೆ ಅವನನ್ನೇ ತುರುಕಿದರು. 11 ಪಂದ್ಯಗಳಲ್ಲಿ 3 ಗೆದ್ದಾಗ ನವೆಂಬರ್‌ನಲ್ಲಿ ಹ್ಯಾರಿಸನ್ ಕೆಲಸ ಹೋಯಿತು.

ಫ್ಲ್ಯಾಗ್ ಸುತ್ತ ಕಟ್ಟುವುದೇ ಸರಿ, ಆದರೆ ಒಕ್ಲಹೋಮದ ದಾರಿ ಡಲ್ಲಾಸ್‌ಗೆ ಅರ್ಧ ಮುಚ್ಚಿದೆ. 2027ರಿಂದ 2030ರವರೆಗಿನ ಅದರ ಮೊದಲ ಸುತ್ತಿನ ಪಿಕ್‌ಗಳಲ್ಲಿ ಕೆಲವು ಹಳೆಯ ವ್ಯವಹಾರಗಳಲ್ಲಿ ಕೈಬಿಟ್ಟುಹೋಗಿವೆ, ಕೆಲವನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು ಬೇರೆಯವರ ಬಳಿ ಇದೆ. ಸೋತರೆ ಅದರ ಫಲ ಉಣ್ಣುವವರು ಬೇರೆಯವರು. ಹಾಗಾಗಿ ಉಳಿದಿರುವುದು ಹಿರಿಯರನ್ನು ಬಿಟ್ಟುಕೊಟ್ಟು ಹೊರಗಿನ ಪಿಕ್‌ಗಳನ್ನು, ಫ್ಲ್ಯಾಗ್ ವಯಸ್ಸಿನ ಹುಡುಗರನ್ನು ತರುವ ದಾರಿ ಮಾತ್ರ. ಅಂಥ ಹಿರಿಯರಿಗೆ ಪ್ರತಿ ಗಾಯಕ್ಕೂ ಬೆಲೆ ಇಳಿಯುತ್ತದೆ. ಫ್ಲ್ಯಾಗ್‌ನ ನಾಲ್ಕು ವರ್ಷದ ಮೊದಲ ಒಪ್ಪಂದ ಮುಗಿಯುವುದು 2029ರಲ್ಲಿ. ಡಲ್ಲಾಸ್‌ಗೆ ತನ್ನ ಪಿಕ್ ಯಾರ ಹಂಗೂ ಇಲ್ಲದೆ ಮರಳುವುದು 2031ರಲ್ಲಿ.