ಸುಲಭದ ಕೀಲೇ ಕಠಿಣ ಕೀಲು

ಸೊಂಟದ ಕೀಲಿನೊಳಕ್ಕೆ ಆರ್ತ್ರೋಸ್ಕೋಪ್ ಎಂಬ ದರ್ಶಕ ನಳಿಕೆ ಇಳಿಸುವುದು ಮಂಡಿಯಷ್ಟು ಸಲೀಸಲ್ಲ. ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಆಳವಾಗಿ ಕೂತಿರುತ್ತದೆ, ಸುತ್ತ ಬಿಗಿಯಾದ ಕವಚ, ಅದರ ಮೇಲೆ ದಪ್ಪ ಸ್ನಾಯು. ಶವಗಳ ಮೇಲೆ ಪ್ರಯೋಗ ಮಾಡಿದ ನ್ಯೂಯಾರ್ಕಿನ ಮೈಕೆಲ್ ಬರ್ಮನ್, ಗುಂಡಿಗೂ ಬಟ್ಟಲಿಗೂ ನಡುವೆ ಸೂಜಿ ತೂರಿಸುವುದು ಅಸಾಧ್ಯವೆಂದೇ 1931ರಲ್ಲಿ ಬರೆದಿದ್ದರು. ಇಂದು ಕಾಲನ್ನು ಎಳೆದು ಹಿಡಿದು, ಎಕ್ಸ್‌ರೇ ಪರದೆ ನೋಡುತ್ತ ಉದ್ದನೆಯ ಸೂಜಿ ಚುಚ್ಚಿ ಒಳಗಿನ ನಿರ್ವಾತ ಮುರಿದರೆ ಸುಮಾರು 1 ಸೆಂ.ಮೀ. ಸಂದು ತೆರೆದುಕೊಳ್ಳುತ್ತದೆ. ಬಟ್ಟಲು ತೀರಾ ಆಳವಾಗಿದ್ದರೆ ಮೊದಲು ಕೀಲಿನ ಹೊರಭಾಗಕ್ಕೆ ಹೋಗಿ, ಅಂಚಿನ ಹೆಚ್ಚುವರಿ ಮೂಳೆ ತರಿದು, ಆಮೇಲೆ ಒಳಗೆ ಸಾಗುತ್ತಾರೆ. ಬಟ್ಟಲಿನ ಅಂಚಿನ ಮೆದು ಪಟ್ಟಿ, ಅಂದರೆ ಲೇಬ್ರಮ್, ಹೊಲಿಯಲಾಗದಷ್ಟು ಹರಿದಿದ್ದರೆ ಕಸಿ ಮಾಡುತ್ತಾರೆ. ಕೈಚಳಕವಾಗಿ ಇವೆಲ್ಲ ಮೆಚ್ಚತಕ್ಕವೇ. ಆದರೆ ಒಳಹೊಗುವ ಕಷ್ಟವನ್ನೇ ಪ್ರಕರಣದ ಕಷ್ಟವೆಂದು ಎಣಿಸುವುದು ತಪ್ಪು.

ಮೈಸೂರಿನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾದ ಊರಿದು. ಅವರ ಶಿಷ್ಯ ಪಟ್ಟಾಭಿ ಜೋಯಿಸರಿಂದಾಗಿ ಗೋಕುಲಂ ಬಡಾವಣೆ ಲೋಕಕ್ಕೇ ಪರಿಚಿತ. ಪದ್ಮಾಸನ ಸೊಂಟದ ಕೀಲನ್ನು ತುಂಬಾ ಮಡಿಸಿ ಹೊರಕ್ಕೆ ತಿರುಗಿಸುತ್ತದೆ. ಸಡಿಲ ಕೀಲಿನವರಿಗೆ ಅದು ಬೇಗ ಒಲಿಯುತ್ತದೆ. ಅಂಥವರಲ್ಲಿ ಬಟ್ಟಲೂ ಆಳವಿಲ್ಲದಿದ್ದರೆ ಮೂಳೆ ಹೊರಬೇಕಾದ ಭಾರ ಲೇಬ್ರಮ್ ಮೇಲೆ ಬಿದ್ದು ಅದು ಹರಿಯುತ್ತದೆ. ಇಂಥ ಕೀಲು ಅಲ್ಪ ಎಳೆತಕ್ಕೇ ತೆರೆದುಕೊಳ್ಳುವುದರಿಂದ ಶಸ್ತ್ರವೈದ್ಯರಿಗೆ ದಾರಿ ಸಲೀಸು. ಆದರೆ ಹರಿದದ್ದನ್ನಷ್ಟೇ ಹೊಲಿದು, ಒಳಹೋಗಲು ಸೀಳಿದ ಕವಚವನ್ನು ಹಾಗೇ ಬಿಟ್ಟರೆ ಕೀಲು ಇನ್ನಷ್ಟು ಸಡಿಲವಾಗುತ್ತದೆ, ಜಾರಲೂಬಹುದು. ಮೂಲ ದೋಷ ಬಟ್ಟಲಿನದು. ದೋಷ ದೊಡ್ಡದಾಗಿದ್ದರೆ ಬರ್ನ್‌ನ ರೈನ್‌ಹೋಲ್ಡ್ ಗಾಂಝ್ ರೂಪಿಸಿದಂತೆ ಮೂಳೆ ಕತ್ತರಿಸಿ ಬಟ್ಟಲನ್ನೇ ತಿರುಗಿಸಿ ಕೂರಿಸಬೇಕಾಗುತ್ತದೆ.

ಆರ್ತ್ರೋಸ್ಕೋಪಿಯ ಲಾಭಕ್ಕೆ ಪುರಾವೆ ಇದೆಯಲ್ಲ ಎನ್ನಬಹುದು. ಇದೆ. ಬ್ರಿಟನ್ನಿನ 23 ಆಸ್ಪತ್ರೆಗಳ 348 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಫ್ಯಾಷನ್ ಅಧ್ಯಯನದಲ್ಲಿ ಅದು ಸೊಂಟ ಸಂಬಂಧಿ ಜೀವನಮಟ್ಟದ ಅಳತೆಯಲ್ಲಿ ವ್ಯಾಯಾಮ ಚಿಕಿತ್ಸೆಗಿಂತ 100ಕ್ಕೆ 6.8 ಅಂಕ ಮುಂದಿತ್ತು. ಆದರೆ ಅದು ಮೂಳೆಗೆ ಮೂಳೆ ತಾಗುವ ತೊಂದರೆಯವರ ಅಧ್ಯಯನ; ಕೀಲು ಸಾಕಷ್ಟು ಸವೆದವರನ್ನು ಸೇರಿಸಿಕೊಂಡೇ ಇರಲಿಲ್ಲ. ಆ ಫಲವನ್ನು ಎಲ್ಲ ಸೊಂಟನೋವಿಗೂ ಹಂಚುವಂತಿಲ್ಲ. ಚಿಕ್ಕ ರಂಧ್ರದ ಚಿಕಿತ್ಸೆಯನ್ನೇ ಮೊದಲು ಮಾಡಿ ನೋಡೋಣ, ಆಗದಿದ್ದರೆ ದೊಡ್ಡದು ಇದ್ದೇ ಇದೆ ಎಂಬ ವಾದವೂ ನಿಲ್ಲದು: ಮೊದಲ ಶಸ್ತ್ರಕ್ರಿಯೆ ಕೀಲನ್ನು ಸಡಿಲಿಸಿದರೆ ಎರಡನೆಯದರ ಕೆಲಸ ಕಠಿಣವಾಗುತ್ತದೆ.

ಹಾಗಾಗಿ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ನನ್ನ ಬಟ್ಟಲಿನ ಆಳ ಸಾಕಷ್ಟಿದೆಯೇ? ಕೀಲಿನ ಸಂದು ಸವೆಯದೆ 2 ಮಿ.ಮೀ.ಗಿಂತ ಹೆಚ್ಚು ಉಳಿದಿದೆಯೇ? ಕವಚವನ್ನು ಮತ್ತೆ ಹೊಲಿಯುತ್ತೀರಾ?