ಯಂತ್ರದೊಡಲಿನ ಅಗ್ನಿಗೆ ಕಾವಲು

ನೀರು ಬೆರೆತ ಕೂಲಂಟನ್ನು ಬಿಟ್ಟು ಶುದ್ಧ ಕಟಿಂಗ್ ಆಯಿಲನ್ನೇ ಬಳಸುವ ಸಿ.ಎನ್.ಸಿ. ಲೇತುಗಳು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಇರುಳಿಡೀ, ಹಲವು ವೇಳೆ ಬಳಿಯಲ್ಲಿ ಆಳೇ ಇಲ್ಲದೆ, ಓಡುತ್ತಿರುತ್ತವೆ. ಅಧಿಕ ಒತ್ತಡದಿಂದ ಚಿಮ್ಮಿದ ಎಣ್ಣೆಯು ಸೂಕ್ಷ್ಮ ತುಂತುರಾಗಿ ಮುಚ್ಚಿದ ಕವಚದೊಳಗನ್ನೆಲ್ಲ ವ್ಯಾಪಿಸಿರುವಾಗ, ಟೂಲಿನ ಮೊನೆ ಮುರಿದೋ ಎಣ್ಣೆಯ ಧಾರೆ ತಡೆದೋ ಕೆಂಪಗೆ ಕಾದ ಚಿಪ್ಪೊಂದು ಹಾರಿತೆಂದರೆ, ಒಳಭಾಗವೆಲ್ಲ ಕ್ಷಣಾರ್ಧದಲ್ಲಿ ಜ್ವಾಲಾಮಯವಾಗುವುದು. ಆಗ ಗಾಬರಿಯಿಂದ ಬಾಗಿಲು ತೆರೆದವನ ಮೈಮೇಲೇ ಉರಿ ನುಗ್ಗುವ ಸಂಭವವುಂಟಾದುದರಿಂದ, ಮನುಷ್ಯನ ಕೈಯನ್ನು ಕಾಯದೆ ತಾನಾಗಿ ಪ್ರವರ್ತಿಸುವ ರಕ್ಷಣೆ ಇಲ್ಲಿ ಅನಿವಾರ್ಯವೆನಿಸಿದೆ.

ಈ ರಕ್ಷಣೆಯ ವಿಧಾನಗಳಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದುದು ಒತ್ತಡದ ನಳಿಕೆಯದು. ಯಂತ್ರದೊಳಗೆ ಸುತ್ತಿಸಿದ, ಅನಿಲದ ಒತ್ತಡವನ್ನು ಹೊತ್ತ ಪ್ಲಾಸ್ಟಿಕ್ ಕೊಳವೆಯು ಉರಿ ತಾಗಿದೆಡೆಯಲ್ಲಿ ಮೆದುವಾಗಿ ಒಡೆಯುವುದು; ಒತ್ತಡ ಕುಸಿಯುತ್ತಲೇ ಸಿಲಿಂಡರಿನ ವಾಲ್ವು ತೆರೆದು ಇಂಗಾಲದ ಡೈಆಕ್ಸೈಡ್ ಹೊರಹೊಮ್ಮುವುದು. ಕವಚದೊಳಗಿನ ಗಾಳಿಯಲ್ಲಿ ಅದು ಶೇಕಡಾ 34ರಷ್ಟು ತುಂಬಿಕೊಂಡರೆ, ಶೇಕಡಾ 21ರಷ್ಟಿದ್ದ ಆಮ್ಲಜನಕ 14ರ ಸುಮಾರಿಗೆ ಇಳಿದು ಎಣ್ಣೆಯ ಉರಿ ಉಸಿರುಕಟ್ಟಿ ಅಡಗುವುದು. ವಿದ್ಯುತ್ತು ಹೋದರೂ ಇದರ ಎಚ್ಚರ ತಪ್ಪುವುದಿಲ್ಲ. ಬೆಂಕಿ ನಂದಿಸುವ ಪುಡಿಯಂತೆ ಈ ಅನಿಲ ಸ್ಪಿಂಡಲಿಗೂ ಬೇರಿಂಗಿಗೂ ಹೊಕ್ಕು ಕೆಡಿಸುವುದೂ ಇಲ್ಲ. ಬೆಂಕಿ ನಂದಿಸಲು ಹಿಂದೆ ಬಹುಮಾನ್ಯವಾಗಿದ್ದ ಹೇಲಾನ್ ಓಜೋನಿಗೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹಿಂದೆ ಸರಿದ ಮೇಲಂತೂ ಇಂಗಾಲದ ಡೈಆಕ್ಸೈಡಿಗೆ ಪ್ರಾಶಸ್ತ್ಯ ಹೆಚ್ಚಿದೆ.

ಸಾಧನ ಇಷ್ಟು ಸಮರ್ಪಕವಾಗಿದ್ದರೂ ಅದನ್ನು ಅಳವಡಿಸುವ ನಮ್ಮ ಪದ್ಧತಿಯನ್ನು ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ಈ ಅನಿಲವು ಉರಿಯನ್ನು ಅಡಗಿಸಬಲ್ಲುದೇ ಹೊರತು ಕಾದ ಲೋಹವನ್ನು ತಣಿಸುವ ಶಕ್ತಿ ಅದಕ್ಕೆ ಅಲ್ಪ. ಸಿಲಿಂಡರು ಬಿಡುಗಡೆಯಾದ ಮೇಲೂ ಎಣ್ಣೆಯ ಪಂಪು ಓಡುತ್ತಿದ್ದರೆ, ತುಂತುರನ್ನು ಹೀರುವ ಫ್ಯಾನು ತಿರುಗುತ್ತ ಆ ಅನಿಲವನ್ನೇ ಹೊರಗೆಳೆಯುತ್ತಿದ್ದರೆ, ಬೆಂಕಿ ಮರಳಿ ಹೊತ್ತಿಕೊಳ್ಳುವುದು ಮಾತ್ರವಲ್ಲ, ಜಿಡ್ಡುಗಟ್ಟಿದ ಡಕ್ಟಿನ ಮಾರ್ಗವಾಗಿ ಛಾವಣಿಗೂ ಏರುವುದು. ಸ್ಪಿಂಡಲು, ಪಂಪು, ಫ್ಯಾನುಗಳನ್ನು ಒಂದೇ ಸಂಕೇತಕ್ಕೆ ನಿಲ್ಲಿಸಿ, ಡಕ್ಟಿನ ಕವಾಟವನ್ನು ಮುಚ್ಚಿಸುವ ಸಂಬಂಧವೇ ಈ ವ್ಯವಸ್ಥೆಯ ಪ್ರಾಣ. ಖರ್ಚು ಉಳಿಸುವ ನೆಪದಿಂದ ಮೊದಲು ಕೈಬಿಡಲ್ಪಡುವುದೂ ಅದೇ ಎಂಬುದು ಖೇದಕರ.

ಪಾಲನೆಯಲ್ಲಿಯೂ ಇಂತಹ ಅಲಕ್ಷ್ಯವನ್ನೇ ಕಾಣುತ್ತೇವೆ. ಸಿಲಿಂಡರಿನಲ್ಲಿ ದ್ರವದ ಅಂಶ ಸ್ವಲ್ಪವಾದರೂ ಉಳಿದಿರುವ ತನಕ ಒತ್ತಡವು ಉಷ್ಣತೆಯನ್ನಷ್ಟೇ ಅನುಸರಿಸುವುದರಿಂದ, ಗಣನೀಯ ಪಾಲು ಸೋರಿಹೋಗಿದ್ದರೂ ಮಾಪಕದ ಮುಳ್ಳು ಕದಲದಿರಬಹುದು. ಒಳಗಿರುವುದೆಷ್ಟೆಂದು ಮಾಪಕದಿಂದ ತಿಳಿಯದು; ತೂಗಿ ನೋಡಬೇಕು. ಹಾಗಿದ್ದೂ ಮುಳ್ಳನ್ನು ನೋಡಿ ದಾಖಲೆಗೆ ಸಹಿ ಹಾಕುವುದೇ ಪರೀಕ್ಷೆಯೆನಿಸಿಕೊಂಡಿದೆ.

ಎಲ್ಲಕ್ಕಿಂತ ನನ್ನನ್ನು ಕಳವಳಗೊಳಿಸುವುದು ಮೆಗ್ನೀಸಿಯಂ ಕೆಲಸವನ್ನು ಯಾವ ವಿಚಾರವೂ ಇಲ್ಲದೆ ಅದೇ ಯಂತ್ರಕ್ಕೆ ಹಚ್ಚುವುದು. ಉರಿಯುವ ಮೆಗ್ನೀಸಿಯಂ ಇಂಗಾಲದ ಡೈಆಕ್ಸೈಡಿನಿಂದಲೇ ಆಮ್ಲಜನಕವನ್ನು ಕಿತ್ತುಕೊಂಡು ಮತ್ತಷ್ಟು ಉರಿಯುವುದು. ನೀರು ಬಿದ್ದರೆ ಸಿಡಿಯುವುದು. ಅದಕ್ಕೆ ಲೋಹದ ಬೆಂಕಿಗೆಂದೇ ತಯಾರಿಸಿದ ಒಣಪುಡಿ ಬೇಕು. ಅದಿಲ್ಲದೆ ಕೇವಲ ಅನಿಲದ ಸಿಲಿಂಡರನ್ನು ನೆಚ್ಚಿ ಇಂತಹ ಕೆಲಸ ನಡೆಸುವ ಯಂತ್ರವನ್ನು ನಾನು ರಕ್ಷಣೆಯಿಲ್ಲದ ಯಂತ್ರಗಳ ಸಾಲಿನಲ್ಲಿಯೇ ಎಣಿಸುತ್ತೇನೆ.