ಮತ್ಸ್ಯಜಾತಿನಿರ್ಣಯದಲ್ಲಿ ಲಕ್ಷಣ, ವಿಕಾರ ಮತ್ತು ಸಂಕರ

ಪ್ರಾಚೀನ ಗ್ರಂಥಗಳಿಗೆ ಟೀಕೆಗಳನ್ನು ರಚಿಸಿದ ಪಂಡಿತರೂ ಅವುಗಳ ಶಬ್ದಗಳನ್ನು ಸಂಗ್ರಹಿಸಿದ ಕೋಶಕಾರರೂ ಮೀನಿನ ಹೆಸರು ಬಂದೆಡೆಯಲ್ಲಿ ‘ಮತ್ಸ್ಯವಿಶೇಷ’ವೆಂದು, ಕನ್ನಡದಲ್ಲಿಯಾದರೆ ‘ಒಂದು ಬಗೆಯ ಮೀನು’ ಎಂದು ಅರ್ಥವನ್ನು ಹೇಳಿ ಮುಂದೆ ಸಾಗುವುದು ಬಹುಕಾಲದ ರೂಢಿಯಾಗಿದೆ. ಇದರಿಂದ ಓದುಗನಿಗೆ ತಿಳಿಯದ ಪದಕ್ಕೆ ಬದಲಾಗಿ ತಿಳಿಯದ ವಸ್ತುವೊಂದು ದೊರೆಯುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಮತ್ತೆ ಕೆಲವರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದು, ಧ್ವನಿಸಾಮ್ಯವೊಂದನ್ನೇ ಪ್ರಮಾಣವಾಗಿಟ್ಟುಕೊಂಡು, ಹಳೆಯ ಹೆಸರಿಗೆ ಇಂದಿನ ಮೀನೊಂದನ್ನು ಕೂಡಲೆ ಹೊಂದಿಸಿಬಿಡುತ್ತಾರೆ. ಲಕ್ಷಣಪರೀಕ್ಷೆಯು ಎರಡು ಮಾರ್ಗಗಳಲ್ಲಿಯೂ ಇಲ್ಲ. ಈ ಲೋಪವು ಕೋಶದ ಪುಟದಲ್ಲಿಯೇ ನಿಂತುಹೋಗತಕ್ಕದ್ದಲ್ಲವೆಂಬುದನ್ನೂ, ಹೆಸರು ಕೆಟ್ಟರೆ ಹೆಸರುಳ್ಳ ಪ್ರಾಣಿಯೂ ಕೆಡಬಹುದೆಂಬುದನ್ನೂ ಕಾವೇರಿಯ ಡುಬ್ಬದ ಮೀನಿನ ವೃತ್ತಾಂತವು ತೋರಿಸಿಕೊಟ್ಟಿದೆ.

ಮೀನುಗಳನ್ನು ಕ್ರಮವಾಗಿ ವಿಂಗಡಿಸಿದ ಪ್ರಾಚೀನ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮುಖ್ಯವಾದುದು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿದ ಈ ಗ್ರಂಥದ ಮತ್ಸ್ಯವಿನೋದವೆಂಬ ಪ್ರಕರಣವು ಗಾಳ ಹಾಕುವ ರಾಜವಿನೋದಕ್ಕಾಗಿ ಬರೆದುದಾದರೂ, ಹುರುಪೆಯುಳ್ಳವು, ಬರಿಯ ಚರ್ಮವುಳ್ಳವು, ದೊಡ್ಡವು, ಸಣ್ಣವು, ಕಡಲಿನವು, ಹೊಳೆಯವು ಎಂದು ಮೀನುಗಳನ್ನು ಬೇರ್ಪಡಿಸಿ, ಅವುಗಳಿಗೆ ಹಾಕತಕ್ಕ ಆಹಾರವನ್ನೂ ಹೇಳುತ್ತದೆ. 1951ರಲ್ಲಿ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣವನ್ನು ವಿಚಾರಮಾಡಿದರು. ಗ್ರಂಥದ ಶಬ್ದವನ್ನು ಬಲ್ಲವರಿಗೆ ಮೀನು ತಿಳಿಯದು, ಮೀನನ್ನು ಬಲ್ಲವರಿಗೆ ಗ್ರಂಥ ತಿಳಿಯದು ಎಂಬ ಸ್ಥಿತಿಯಲ್ಲಿ ಅಂತಹ ಪ್ರಯತ್ನವು ಶ್ಲಾಘ್ಯವಾದುದು. ಆದರೆ ಒಂದೊಂದು ಹೆಸರಿನ ನಿರ್ಣಯವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿಯೇ ಅಂಗೀಕರಿಸಬೇಕಾಗುತ್ತದೆ.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ನೈಯಾಯಿಕರು ಹೇಳಿರುವುದಷ್ಟೆ. ಅಮರಕೋಶವು ಪಾಠೀನಕ್ಕೆ ‘ಸಹಸ್ರದಂಷ್ಟ್ರ’ವೆಂಬ ಪರ್ಯಾಯವನ್ನು ಕೊಟ್ಟಿದೆ. ಕನ್ನಡನಾಡಿನ ಹೊಳೆಗಳ ಬಾಳೆಮೀನಿನ ಅಗಲವಾದ ಬಾಯಿಯಲ್ಲಿ ಸಣ್ಣ ಹಲ್ಲುಗಳು ಲೆಕ್ಕವಿಲ್ಲದಷ್ಟಿವೆ. ಇಲ್ಲಿ ಪ್ರಾಚೀನನು ಹೇಳಿದ ಚಿಹ್ನೆಯೇ ಪ್ರಾಣಿಯಲ್ಲಿ ದೊರೆಯುವುದರಿಂದ, ಪಾಠೀನವು ಆ ಮೀನೆಂಬ ಪಕ್ಷಕ್ಕೆ ಬಲ ಬರುತ್ತದೆ. ರೋಹಿತದ ವಿಷಯದಲ್ಲಿಯಾದರೋ ಹಾಗಲ್ಲ. ಕೆಂಪೆಂಬ ಅರ್ಥದ ಈ ಹೆಸರು ಕೆಂಬಣ್ಣದ ಹಲವು ಮೀನುಗಳಿಗೆ ಸಲ್ಲಬಹುದಾದುದರಿಂದ ಅತಿವ್ಯಾಪ್ತಿಯುಳ್ಳದ್ದು. ಇಂದಿನ ರೋಹು ಗಂಗಾ ಮೊದಲಾದ ಉತ್ತರದ ನದಿಗಳಿಗೆ ಸಹಜವಾದುದು. ಕೃಷ್ಣಾ ಕಾವೇರಿಗಳಿಗೆ ಅದು ಸಾಕಣೆಯ ಮೂಲಕ ಬಂದಿತು. ಆದಕಾರಣ ಉತ್ತರದೇಶದ ಗ್ರಂಥದಲ್ಲಿ ರೋಹಿತವು ರೋಹುವೆಂದು ಒಪ್ಪಿದರೂ, ದಕ್ಷಿಣದ ದೊರೆಯ ಗ್ರಂಥದಲ್ಲಿ ಹಾಗೆಂದು ಹೇಳಲು ಪ್ರಮಾಣಾಂತರವು ಬೇಕು. ದೇಶಕಾಲಗಳೂ ಲಕ್ಷಣದ ಅಂಗಗಳೆಂಬುದನ್ನು ಮರೆಯಲಾಗದು.

ಜೀವಂತವಾದ ಮೀನನ್ನು ಕೈಯಲ್ಲಿ ಹಿಡಿದಿರುವಾಗಲೂ ಈ ಕಷ್ಟವು ತಪ್ಪಿದ್ದಲ್ಲ. ವಿಲಕ್ಷಣರೂಪದ ಮೀನೊಂದು ಬಲೆಗೆ ಬಿದ್ದಾಗ ಹೊಸ ಜಾತಿ, ಅಂಗವಿಕಾರ, ಸಂಕರಸಂತಾನ ಎಂಬ ಮೂರು ಪಕ್ಷಗಳು ಏಳುತ್ತವೆ. ವಯಸ್ಸು, ಲಿಂಗ, ಸಂತಾನಕಾಲ, ಆಹಾರಗಳಿಂದ ಒಂದೇ ಜಾತಿಯು ರೂಪಾಂತರವನ್ನು ಹೊಂದುವುದೆಂಬ ನಾಲ್ಕನೆಯ ಪಕ್ಷವನ್ನು ಮೊದಲು ವಿಚಾರಿಸತಕ್ಕದ್ದು. ಸಂತಾನಕಾಲದಲ್ಲಿ ಕೆಲವು ಗಂಡು ಮೀನುಗಳ ಮೂತಿಯ ಮೇಲೆ ಬಿಳಿಯ ಗುಳ್ಳೆಗಳು ಏಳುತ್ತವೆ. ಮಹಸೀರ್ ಮೀನುಗಳಲ್ಲಿ ಕೆಲವಕ್ಕೆ ತುಟಿಗಳು ದಪ್ಪವಾಗಿ ಜೋಲುತ್ತವೆ, ಅದೇ ಜಾತಿಯ ಮತ್ತೆ ಕೆಲವಕ್ಕೆ ತೆಳುವಾಗಿರುತ್ತವೆ. ಆದುದರಿಂದಲೇ ಶಾಸ್ತ್ರಜ್ಞರು ಬಣ್ಣ ತುಟಿಗಳನ್ನು ಮಾತ್ರ ನಂಬದೆ, ಪಾರ್ಶ್ವರೇಖೆಯ ಹುರುಪೆಗಳನ್ನೂ ಈಜುರೆಕ್ಕೆಯ ಕಡ್ಡಿಗಳನ್ನೂ ಎಣಿಸಿ, ಅಂಗಾಂಗಗಳ ಪ್ರಮಾಣವನ್ನು ಅಳೆದು, ಒಂದಲ್ಲ ಅನೇಕ ಮೀನುಗಳನ್ನು ಹೋಲಿಸಿ ನೋಡುತ್ತಾರೆ.

ಇನ್ನು ಕಾವೇರಿಯ ಡುಬ್ಬದ ಮಹಸೀರಿನ ವಿಚಾರ. 1873ರಲ್ಲಿ ಪ್ರಕಟವಾದ ಎಚ್. ಎಸ್. ಥಾಮಸ್ಸನ ಗಾಳದ ಗ್ರಂಥದಿಂದ ಈ ಮೀನು ಹೊರಗಿನವರಿಗೆ ಪರಿಚಿತವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರು 120 ಪೌಂಡು ತೂಗಿತು. ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರದಲ್ಲಿ ಸ್ಥಿರವಾದ ಹೆಸರೇ ಇರಲಿಲ್ಲ. 1839ರಲ್ಲಿ ಸೈಕ್ಸ್ ಎಂಬವನು ದಖ್ಖನಿನ ಮೀನೊಂದಕ್ಕೆ ಇಟ್ಟಿದ್ದ ‘ಮುಸ್ಸುಲ್ಲಾ’ ಎಂಬ ಹೆಸರನ್ನು ಬಹುಕಾಲ ಇದಕ್ಕೆ ಅಂಟಿಸಲಾಗಿತ್ತು. ಆ ಹೆಸರಿನ ಮೀನು ಬೇರೊಂದು ಕುಲಕ್ಕೆ ಸೇರಿದುದೆಂಬುದು ಈ ಶತಮಾನದಲ್ಲಿ ನಿಶ್ಚಯವಾಯಿತು. ಕೊನೆಗೆ 2018ರಲ್ಲಿ, ಕಾವೇರಿಗೆ ಸೇರುವ ಮೊಯಾರ್ ಹೊಳೆಯ ಡುಬ್ಬದ ಮೀನುಗಳ ಅಂಗಪ್ರಮಾಣವನ್ನೂ ವಂಶದ್ರವ್ಯವನ್ನೂ ಪರೀಕ್ಷಿಸಿದ ವಿದ್ವಾಂಸರು, ಕೇರಳದ ಪಾಂಬಾರ್ ಹೊಳೆಯ ಎಳೆಯ ಮೀನುಗಳ ಆಧಾರದಿಂದ ಹಿಂದೆ ವರ್ಣಿತವಾಗಿದ್ದ ‘ಟೋರ್ ರೆಮಾದೇವಿಯೈ’ ಎಂಬ ಜಾತಿಯೇ ಇದೆಂದು ನಿರ್ಣಯಿಸಿದರು. ಎಳೆಯದರಲ್ಲಿ ಪ್ರೌಢವಾದ ಡುಬ್ಬವು ಕಾಣದಿದ್ದುದರಿಂದ ಒಂದೇ ಜಾತಿಯು ಎರಡಾಗಿ ತೋರಿತ್ತು.

ಈ ವಿಳಂಬವು ನಿರಪಾಯವಾಗಿರಲಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಮಹಸೀರುಗಳು ಕಡಿಮೆಯಾಗುತ್ತಿವೆಯೆಂಬ ಸದುದ್ದೇಶದಿಂದಲೇ, ಲೋನಾವಳದಲ್ಲಿ ಸಾಕಿದ ನೀಲಿರೆಕ್ಕೆಯ ಮಹಸೀರಿನ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಮಹಸೀರೆಂಬ ಸಾಮಾನ್ಯನಾಮವು ಎರಡನ್ನೂ ಒಳಕೊಂಡಿದ್ದುದರಿಂದ, ಒಂದರ ಸ್ಥಾನವನ್ನು ಮತ್ತೊಂದು ತುಂಬಿದುದು ಲೆಕ್ಕದಲ್ಲಿ ವೃದ್ಧಿಯಾಗಿಯೇ ಕಂಡಿತು. 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ದಾಖಲೆಗಳನ್ನು 2015ರಲ್ಲಿ ಪರಿಶೀಲಿಸಿದಾಗ, ನೀಲಿರೆಕ್ಕೆಯದು ಏರುತ್ತ ಡುಬ್ಬದ ಮೀನು ಇಳಿಯುತ್ತ ಬಂದುದು ವ್ಯಕ್ತವಾಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ಈ ಮೀನಿಗೆ ಮೃತ್ಯುಗಳಾಗಿವೆ. ಕಾವೇರಿಯ ಜಲಾನಯನದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಇದು 2018ರಲ್ಲಿ ಅತ್ಯಂತ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿತು. ಹೆಸರಿನ ಅತಿವ್ಯಾಪ್ತಿಯು ನಾಶವನ್ನು ಮರೆಮಾಚಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಸಂಕರದ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಧರ್ಮಶಾಸ್ತ್ರದಲ್ಲಿ ಈ ಶಬ್ದಕ್ಕಿರುವ ನಿಂದೆಯ ಛಾಯೆಯು ಇಲ್ಲಿ ಅಪ್ರಸ್ತುತ. ಆಲಂಕಾರಿಕರ ವಿಭಾಗವೇ ಪ್ರಕೃತಕ್ಕೆ ಉಪಯುಕ್ತವಾದುದು. ಎಳ್ಳು ಅಕ್ಕಿಗಳಂತೆ ಬೇರ್ಪಡಿಸಬಹುದಾದ ಬೆರಕೆಯು ಸಂಸೃಷ್ಟಿ. ಹಾಲು ನೀರುಗಳಂತೆ ಬೇರ್ಪಡಿಸಲಾಗದುದು ಸಂಕರ. ಎರಡು ಜಾತಿಯ ಮೀನುಗಳು ಒಂದೇ ಮಡುವಿನಲ್ಲಿ ಈಜುತ್ತಿದ್ದ ಮಾತ್ರಕ್ಕೆ ಅದು ಸಂಸೃಷ್ಟಿಯೇ ಹೊರತು ಸಂಕರವಲ್ಲ. ಆದರೆ ಮೀನುಗಳಲ್ಲಿ ಸಂಕರವು ಅಸಂಭವವೂ ಅಲ್ಲ. ಬಹುಪಾಲು ಮೀನುಗಳ ಮೊಟ್ಟೆಯೂ ವೀರ್ಯವೂ ಹೊರಗೆ ನೀರಿನಲ್ಲಿಯೇ ಕೂಡುವುದರಿಂದ, ಒಂದೇ ಎಡೆಯಲ್ಲಿ ಒಂದೇ ಕಾಲಕ್ಕೆ ಎರಡು ಜಾತಿಗಳು ಮೊಟ್ಟೆಯಿಟ್ಟರೆ ಬೆರಕೆಗೆ ಅವಕಾಶವುಂಟು. ರೋಹು, ಕಾಟ್ಲಾ, ಮೃಗಾಲ್ ಮೀನುಗಳಲ್ಲಿ 1958ರಿಂದ ಸಾಕಣೆಯಲ್ಲಿ ಸಂಕರಗಳನ್ನು ಪಡೆಯಲಾಗಿದೆ. ಈ ಮೂರಕ್ಕೂ ವರ್ಣತಂತುಗಳು 50, ಮಹಸೀರುಗಳಿಗೆ 100. ಸಂಖ್ಯೆಯು ಸಮವಾಗಿರುವೆಡೆಯಲ್ಲಿ ಸಂತಾನವು ಬಂಜೆಯಾಗದೆ ಮುಂದುವರಿಯುವ ಸಂಭವ ಹೆಚ್ಚು. ಹೇಸರಗತ್ತೆಯ ದೃಷ್ಟಾಂತವನ್ನು ಹಿಡಿದು ಸಂಕರವೆಲ್ಲ ನಿಷ್ಫಲವೆನ್ನುವುದು ಮೀನುಗಳಲ್ಲಿ ಸಲ್ಲದು.

ಆದರೂ ಎರಡರ ನಡುವಣ ರೂಪವೆಂಬ ಒಂದೇ ಹೇತುವಿನಿಂದ ಸಂಕರವನ್ನು ಸಾಧಿಸಿದರೆ ಆ ಹೇತುವು ವ್ಯಭಿಚಾರಿಯಾಗುತ್ತದೆ. ವಯಸ್ಸಿನಿಂದಲೂ ವಿಕಾರದಿಂದಲೂ ಅಂತಹ ರೂಪವು ಬರುವುದು. ಸೂತ್ರಕಣಗಳ ವಂಶದ್ರವ್ಯವೊಂದನ್ನೇ ಪರೀಕ್ಷಿಸಿದರೂ ಸಾಲದು, ಏತಕ್ಕೆಂದರೆ ಅದು ತಾಯಿಯಿಂದ ಮಾತ್ರ ಬರುವುದಾದುದರಿಂದ ತಂದೆಯ ಜಾತಿಯನ್ನು ಹೇಳಲಾರದು. ಜೀವಕೋಶದ ಕೇಂದ್ರದಲ್ಲಿರುವ, ಮಾತಾಪಿತೃಗಳಿಬ್ಬರಿಂದಲೂ ಬಂದ ದ್ರವ್ಯವೂ ಅಂಗಪರೀಕ್ಷೆಯೂ ಒಂದನ್ನೇ ಹೇಳಿದಾಗ ಮಾತ್ರ ಸಂಕರವು ಸಿದ್ಧವಾಗುವುದು.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಒದಗುವ ಕರ್ತವ್ಯವು ದೊಡ್ಡದಲ್ಲ. ಮೀನಿನ ಹೆಸರು ಬಂದೆಡೆಯಲ್ಲಿ ಗ್ರಂಥವು ಹೇಳುವ ಚಿಹ್ನೆ, ಗ್ರಂಥದ ದೇಶ, ಆ ಹೊಳೆಯ ಬೆಸ್ತರ ಮಾತು ಇವು ಮೂರನ್ನೂ ಹೋಲಿಸಿ ನೋಡಬೇಕು. ಹೊಂದದಿದ್ದರೆ ಹೊಂದಲಿಲ್ಲವೆಂದೇ ಬರೆದಿಡಬೇಕು. ಡುಬ್ಬದ ಮೀನನ್ನು ಬೇರೆಯೆಂದು ಗುರುತಿಸಿದ ಗಾಳದವರ ಮಾತು ಹೆಸರಿನ ನಿರ್ಣಯಕ್ಕೆ ನೂರು ವರ್ಷಗಳ ಮೊದಲೇ ಬರಹದಲ್ಲಿತ್ತು. ಅದನ್ನು ಆಗಲೇ ವಿಚಾರಿಸಿದ್ದರೆ ಕಾವೇರಿಗೆ ಬೇರೆ ನೀರಿನ ಮರಿಗಳನ್ನು ಬಿಡುವವರ ಕೈಗೆ ತಡೆಯೊಂದು ದೊರೆಯುತ್ತಿತ್ತು.